ಉಗುರಿನಡಿಯ ಕಪ್ಪು

ಬೊಂಬೆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬರೀ ಕಣ್ಣು ಬರೆದವಳು ನಮ್ಮ ಕಣ್ಣಕ್ಕ. ನಿಜವಾದ ಹೆಸರು ಬೇಕೆಂದರೆ ಹಾಜರಿ ಪುಸ್ತಕ ತೆಗೆಯಬೇಕು. ಕಣ್ಣು ಕೊನೆಯ ಕೆಲಸ. ಪೂರ್ತಿ ಬೊಂಬೆ ಅವಳ ಮೇಜಿಗೆ ಬರುತ್ತಿತ್ತು. ಮೂರು ಕೂದಲಿನ ಕುಂಚ, ಉಸಿರು ಬಿಗಿಹಿಡಿದು ಎರಡು ಚುಕ್ಕೆ, ಅಷ್ಟೇ.

ಅವತ್ತು ಬೆಳಿಗ್ಗೆ ಸೂಪರ್‌ವೈಸರ್ ಹೊಸ ಮಾದರಿಯ ಪೆಟ್ಟಿಗೆ ಬಿಚ್ಚಿದ. ಒಂದಡಿ ಎತ್ತರದ ಗಣಿ ಕಾರ್ಮಿಕ. ಮಕ್ಕಳಿಗಲ್ಲ, ಗಾಜಿನ ಕಪಾಟಿನಲ್ಲಿಟ್ಟು ಮೆರೆಯುವ ದೊಡ್ಡವರಿಗೆ. ಹೆಂಗಸರು ಮುಗಿಬಿದ್ದರು. ಅಂಗಿಯ ಹೊಲಿಗೆ ಎಣಿಸಬಹುದಿತ್ತು. ಬೆಲ್ಟು ಬಿಚ್ಚಿ ಹಾಕಬಹುದಿತ್ತು. ಟೋಪಿಯ ದೀಪ ಹತ್ತುತ್ತಿತ್ತು. ಹಣೆಯ ಮೇಲೆ ಬೆವರಹನಿ ಬೇರೆ!

"ನನ್ನ ಗಂಡನಿಗಿಂತ ಇವನೇ ವಾಸಿ ಕಣ್ರೇ. ಬಾಯಿದ್ರೂ ಮಾತಾಡಲ್ಲ," ಎಂದಳು ಪಕ್ಕದ ಮೇಜಿನವಳು.

ಕಣ್ಣಕ್ಕ ಭೂತಗನ್ನಡಿ ಹಿಡಿದು ಅವನ ಕೈ ನೋಡಿದಳು. ಉಗುರುಗಳು ಮದುಮಗನ ಉಗುರಿನಂತೆ ಹೊಳೆಯುತ್ತಿದ್ದವು.

"ಥೂ! ಇವನು ಗಣಿಗೆ ಇಳಿದೇ ಇಲ್ಲ. ಬರೀ ಸುಳ್ಳ."

ಅವಳಪ್ಪ ಗಣಿಯಲ್ಲಿ ದುಡಿದು ಸತ್ತವನು. ಹೆಣಕ್ಕೆ ಸ್ನಾನ ಮಾಡಿಸಿದಾಗಲೂ ಅವನ ಉಗುರಿನಡಿಯ ಕಪ್ಪು ಬಿಟ್ಟಿರಲಿಲ್ಲ.

ಸಂಜೆಯ ಹೊತ್ತಿಗೆ ಅವಳ ಮೇಜಿನ ಮೇಲಿದ್ದ ನಲವತ್ತು ಬೊಂಬೆಗಳ ಉಗುರಿನಡಿಯಲ್ಲೂ ಕಪ್ಪು ಗೆರೆ. ಸೂಪರ್‌ವೈಸರ್ ಉರಿದುಬಿದ್ದ.

"ಏನಮ್ಮಾ ಇದು? ನಕ್ಷೆಯಲ್ಲಿ ಇದೆಯಾ?"

"ನಕ್ಷೆ ಬರೆದೋರು ಸೋಪು ಹಾಕಿ ಕೈ ತೊಳ್ಕೊಂಡು ಕೂತಿರ್ತಾರೆ ಸಾರ್. ಅವರಿಗೆ ಹೇಗೆ ಗೊತ್ತಾಗ್ಬೇಕು?"

"ಒರೆಸು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಬಣ್ಣ ಕರಗಿಸುವ ಥಿನ್ನರ್ ಬಾಟಲಿ, ಬಟ್ಟೆ ತಂದು ಕುಕ್ಕಿದ. ಕಣ್ಣಕ್ಕ ಬಟ್ಟೆ ನೆನೆಸಿ ತನ್ನ ಬೆರಳುಗಳನ್ನೇ ತಿಕ್ಕಿ ಅವನ ಮೂಗಿನಡಿ ಹಿಡಿದಳು. ಬಣ್ಣ ಉಗುರಿನ ಸಂದಿಯಲ್ಲಿ ಹಾಗೇ ಕೂತಿತ್ತು.

"ಹತ್ತೊಂಬತ್ತು ವರ್ಷದಿಂದ ಒರೆಸ್ತಿದೀನಿ. ಮೊದಲು ಇದು ಹೋಗ್ಲಿ, ಆಮೇಲೆ ಬೊಂಬೆಯದು ನೋಡೋಣ."

ಪಕ್ಕದ ಮೇಜಿನವಳು ಕುಂಚ ಕೆಳಗಿಟ್ಟಳು. "ಅಕ್ಕ ಹೋದ್ರೆ ನಾವೂ ಹೋಗ್ತೀವಿ ಸಾರ್." ಉಳಿದವರೂ ಕೈಕಟ್ಟಿ ಕೂತರು. ಒರೆಸಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ನಲವತ್ತನ್ನೂ ಅವನೇ ಕೂತು ಒರೆಸಿದ. ಕರಗಿದ ಕಪ್ಪು ಅವನ ಉಗುರಿಗೇ ಹತ್ತಿತು.

ಕಣ್ಣಕ್ಕನನ್ನು ಕೆಲಸದಿಂದ ತೆಗೆಯುವ ಧೈರ್ಯ ಅವನಿಗೆ ಬರಲಿಲ್ಲ. ಸೇಡಿಗೆ ಕಣ್ಣಿನ ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದ. ಮುಟ್ಠಾಳ. ಪೆಟ್ಟಿಗೆ ಮುಚ್ಚುವ ಮುಂಚೆ ಪ್ರತಿ ಬೊಂಬೆಯ ಕೈಯೂ ಈಗ ಅವಳ ಕೈಗೇ ಬರುತ್ತದೆ. ಮೂರು ಕೂದಲಿನ ಕುಂಚ ಅವಳ ಜಡೆಯಲ್ಲಿದೆ.