ಬಲಕ್ಕೆ ನೋಡುವ ಹಕ್ಕಿ

ಎಡಿತ್ ಟೀಚರಿಗೆ ಕರುಳು ಎಂಬುದಿರಲಿಲ್ಲ. ಧಾರವಾಡದಲ್ಲಿ ಚರ್ಚಿನ ಹಿಂದಿನ ಓಣಿಯಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ತಂಗಿ ಜಾಯ್ ಸತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರು ಅಳಲಿಲ್ಲ. ಮಣ್ಣು ಮಾಡಿ ಬಂದ ವಾರದಲ್ಲೇ ತಂಗಿಯ ಸೀರೆಗಳನ್ನು ಅನಾಥಾಶ್ರಮಕ್ಕೆ ಕಳಿಸಿದರು, ಚಪ್ಪಲಿಯನ್ನು ಕಸ ಗುಡಿಸುವ ಬೀರವ್ವನಿಗೆ ಕೊಟ್ಟರು, ಕೂದಲು ಉದುರಿದ ಕುಂಚವನ್ನು ಒಲೆಗೆ ಹಾಕಿದರು. ಜಾಯಳ ಮಗಳು ಸಿಲ್ವಿಯಾ ಅದು ಉರಿಯುವುದನ್ನು ನೋಡುತ್ತ ನಿಂತಿದ್ದಳು. ಅವ್ವನದು ಎನ್ನುವ ಒಂದು ವಸ್ತುವಾದರೂ ತನಗೆ ಉಳಿಯಬೇಕೆಂದು ಅವಳ ಆಸೆ. ಕೇಳುವ ಧೈರ್ಯವಿರಲಿಲ್ಲ.

ಅಕ್ಕತಂಗಿಯರು ಆ ಮನೆಯ ಪಡಸಾಲೆಯಲ್ಲಿ ಬಾಟಿಕ್ ಮಾಡುತ್ತ ಬಂದವರು. ಬಿಳಿ ಬಟ್ಟೆಯ ಮೇಲೆ ಬಿಸಿ ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದುವುದು. ಮೇಣ ಮುಚ್ಚಿದ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ಆಮೇಲೆ ಹಂಡೆಯಲ್ಲಿ ಕುದಿಸಿ ಮೇಣ ತೆಗೆದರೆ ಚಿತ್ರ ಬೆಳ್ಳಗೆ ಉಳಿಯುತ್ತದೆ. ಅವರ ದ್ರಾಕ್ಷಿಬಳ್ಳಿ, ಹಕ್ಕಿಗಳ ಪರದೆಗೆ ಹುಬ್ಬಳ್ಳಿಯ ದೇಶಪಾಂಡೆ ನಗರದ ಅಂಗಡಿಯಲ್ಲಿ ಹೆಸರಿತ್ತು. ಎಡಿತ್ ಬರೆದ ಹಕ್ಕಿಗಳೆಲ್ಲ ಎಡಕ್ಕೆ ನೋಡುತ್ತಿದ್ದವು. ಜಾಯ್ ಎಡಚಿ, ಅವಳ ಕೈಯಲ್ಲಿ ಬಂದ ಹಕ್ಕಿ ಬಲಕ್ಕೇ ನೋಡುತ್ತಿತ್ತು.

"ನಿನ್ನ ಹಕ್ಕಿ ಯಾಕ ಮಾರಿ ತಿರುವ್ಯಾವ?" ಎಂದು ಎಡಿತ್ ಚುಚ್ಚುತ್ತಿದ್ದರು.

"ನಿನ್ನ ಮಾರಿ ನೋಡಲಾರದಕ್ಕ, ಅಕ್ಕಾ," ಎಂದು ಅವಳೂ ಬಿಡುತ್ತಿರಲಿಲ್ಲ.

ಜಾಯ್ ಹೋದ ಮೇಲೆ ಎಡಿತ್ ಒಬ್ಬರೇ ಒಂದು ಪರದೆಗೆ ಮೇಣ ಹಾಕಿದರು. ಬಿಳಿ ಬಟ್ಟೆಯ ಮೇಲೆ ಮೇಣದ ಗೆರೆ ಸರಿಯಾಗಿ ಕಾಣದು. ಬಣ್ಣ ಹತ್ತಿದ ಮೇಲೆಯೇ ಏನು ಬರೆದಿದೆ ಎಂಬುದು ತಿಳಿಯುವುದು. ಸಿಲ್ವಿಯಾ ಅದನ್ನು ಕೆಂಪು ಬಣ್ಣದಿಂದೆತ್ತಿ ಹಗ್ಗಕ್ಕೆ ಹಾಕಿದಾಗ ಮೂಲೆಯ ಎಲೆಗಳ ನಡುವೆ ಒಂದು ಹಕ್ಕಿ ಬಲಕ್ಕೆ ನೋಡುತ್ತಿತ್ತು. ಮೇಣಕ್ಕೆ ಮೊದಲು ಬಟ್ಟೆಯ ಮೇಲೆ ಪೆನ್ಸಿಲಿನ ಗುರುತು ಹಾಕಿದವಳು ಸಿಲ್ವಿಯಾಳೇ. ಆ ಮೂಲೆಯಲ್ಲಿ ಅವಳು ಹಕ್ಕಿ ಹಾಕಿರಲಿಲ್ಲ.

"ಮೇಣಾ ಸೋರೈತಿ," ಎಂದರು ಎಡಿತ್. "ಮೊದಲ ಕುದಿಸಿ ಮೇಣಾ ತಗಿ, ಆಮ್ಯಾಲೆ ಕರೇ ಬಣ್ಣದಾಗ ಹಾಕು." ಹಾಗೇ ಮಾಡಿದಳು. ಹಕ್ಕಿ ಹೋಯಿತು.

ಎರಡನೆಯ ಪರದೆಯಲ್ಲಿ ಅದು ಮತ್ತೆ ಬಂತು. ಈ ಸಲ ಮೂಲೆಯಲ್ಲಲ್ಲ, ನಟ್ಟನಡುವಿನ ಗೊಂಚಲಿನ ಮೇಲೆ. ಸೋರಿದ ಮೇಣಕ್ಕೆ ಕೊಕ್ಕಿರುವುದಿಲ್ಲ, ಕಣ್ಣಿರುವುದಿಲ್ಲ. ಸಿಲ್ವಿಯಾ ಬೆರಳಿಟ್ಟು ನೋಡಿದಳು. ಬಟ್ಟೆಯ ಮೇಲಿನ ಉಳಿದ ಮೇಣವೆಲ್ಲ ತಣ್ಣಗಾಗಿ ಬಿರಿದಿತ್ತು. ಹಕ್ಕಿಯ ಮೇಲಿನದು ಮಾತ್ರ ಮೆತ್ತಗಿತ್ತು, ಬೆಚ್ಚಗಿತ್ತು. ಅವಳ ಬೆರಳಿನ ಗುರುತು ಅದರಲ್ಲಿ ಮೂಡಿತು, ನೋಡನೋಡುತ್ತಿದ್ದಂತೆ ಮುಚ್ಚಿಕೊಂಡಿತು.

ಬೀರವ್ವ ಕಸಬರಿಗೆ ಊರಿ ನಿಂತಳು. "ಟೀಚರ, ಸಾಲ್ಯಾಗ ಎಲ್ಲಾರ್ನೂ ಒಂದ ಕಡೆ ಮಾರಿ ಮಾಡಿ ಕುಂದರಸ್ತಿದ್ರಿ. ಈಕಿ ಒಬ್ಬಾಕಿ ನಿಮ್ಮ ಮಾತು ಕೇಳವಲ್ಲಳು ನೋಡ್ರಿ."

"ಈಕಿ ಅಂದ್ರ ಯಾರು?"

ಬೀರವ್ವ ಕಾಲಲ್ಲಿದ್ದ ಜಾಯಳ ಚಪ್ಪಲಿಯನ್ನು ಮೆಲ್ಲಗೆ ಕಳಚಿ ಗೋಡೆಯ ಬದಿಗಿಟ್ಟು, ಬರಿಗಾಲಲ್ಲೇ ಅಂಗಳ ಗುಡಿಸಿದಳು.

ಸಿಲ್ವಿಯಾ ಪರದೆಯ ಅಂಚು ಹಿಡಿದಳು. "ದೊಡ್ಡವ್ವಾ, ಇದೊಂದು ನನಗ ಕೊಡು. ಅವ್ವಂದು ಅಂತ ಇರಲಿ."

"ಸತ್ತವರು ಪರದೆ ಬರ್ಯೂದಿಲ್ಲ. ಕೆಟ್ಟ ಅರಿವಿ ಇದು. ಕರೇ ಬಣ್ಣಾ ಕಲಸು."

"ಅಂಗಡ್ಯವ್ರಿಗೆ ನಾ ಬ್ಯಾರೆ ಮಾಡಿಕೊಡ್ತೇನಿ."

"ಕಲಸು ಅಂದ್ನೆಲ್ಲಾ."

ಅವಳು ಕಲಸಿದಳು. ಗಾಳಿ ಇರಲಿಲ್ಲ; ಆದರೂ ಹಗ್ಗದ ಮೇಲೆ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಎಡಿತ್ ಅದನ್ನೆಳೆದು ಕಂಕುಳಿಗೆ ಸಿಕ್ಕಿಸಿ, ಬಣ್ಣದ ಬಕೆಟ್ಟು ಹಿಡಿದು ಹಿತ್ತಲಿಗೆ ನಡೆದರು. "ನೀ ಒಳಗಿರು," ಎಂದರು.

ಸಂಜೆ ಸಿಲ್ವಿಯಾ ಹಿತ್ತಲಿಗೆ ಬಂದಾಗ ಪರದೆ ಕರ್ರಗೆ ತೂಗುತ್ತಿತ್ತು. ಆ ಕಪ್ಪಿನ ನಡುವೆ ಹಕ್ಕಿ ಮೊದಲಿಗಿಂತ ಬೆಳ್ಳಗೆ ಎದ್ದು ಕಾಣುತ್ತಿತ್ತು, ಬಲಕ್ಕೇ ನೋಡುತ್ತ. ಅವಳು ಹಂಡೆಯತ್ತ ತಿರುಗಿದಳು. ಬೆಳಿಗ್ಗೆ ತಾನು ಬೋರಲು ಹಾಕಿದ್ದು ಹಾಗೆಯೇ ಇತ್ತು. ಒಲೆಯ ಬೂದಿ ತಣ್ಣಗಿತ್ತು.

"ಮೇಣಾ ತಗೀಲೇ ಇಲ್ಲೇನ, ದೊಡ್ಡವ್ವಾ?"

ಆಯುಷ್ಯವೆಲ್ಲ ಹುಡುಗಿಯರಿಗೆ ಬಾಟಿಕ್ ಕಲಿಸಿದ ಎಡಿತ್ ಕೈಗೆ ಹತ್ತಿದ ಬಣ್ಣವನ್ನು ತಿಕ್ಕಿ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಮರತೆ," ಎಂದರು. "ಇನ್ನ ಅದನ್ನ ಅಂಗಡಿಗೆ ಕಳಸಾಕ ಬರೂದಿಲ್ಲ. ಒಣಗಿದ ಮ್ಯಾಲೆ ನಿನ್ನ ಟ್ರಂಕಿನ್ಯಾಗ ಇಟ್ಕೋ."