ಎಲ್ಲಾ ಕಪ್ಪು ವೈರೇ ತನ್ನಿ

ಅವರ ಮುಂದಿನ ಹಲ್ಲೊಂದರಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಇತ್ತು. ನಲವತ್ತು ವರ್ಷ ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿದು ಸುಲಿದು ಸವೆದದ್ದು. ವೈರಿನ ತುದಿಯನ್ನು ಆ ಕಚ್ಚಿಗೆ ಸಿಕ್ಕಿಸಿ ತಲೆಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದರೆ ಸಾಕು, ಸಿಪ್ಪೆ ಕಳಚಿ ಒಳಗಿನ ತಾಮ್ರ ಒಂದೆಳೆಯೂ ಮುರಿಯದೆ ಹೊರಗೆ ಬರುತ್ತಿತ್ತು. ಸಿಪ್ಪೆಯನ್ನು ಪಕ್ಕಕ್ಕೆ ಉಗಿದು, ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ವೈರ್ ಸುಲಿಯುವ ಕಟ್ಟರು ಅವರ ಹತ್ತಿರ ಇರಲಿಲ್ಲ ಅಂತಲ್ಲ. ಅದರಲ್ಲಿ ಅಡಿಕೆ ಕತ್ತರಿಸುತ್ತಿದ್ದರು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗಳ ಸಾಲಿನ ಕೊನೆಯಲ್ಲಿ ಅವರ ತಗಡಿನ ಶೆಡ್ಡು. ಗಾಡಿಗಳ ವೈರಿಂಗ್ ಕೆಲಸ. ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿಯವರು ಮಲಯಾಳದಲ್ಲಿ ‘ಚೇಟಾ’ ಎಂದು ಕೂಗುತ್ತಿದ್ದರು, ಹಂಗಳದ ಕಡೆಯ ಟ್ರ್ಯಾಕ್ಟರಿನವರು ‘ವೈರಿಂಗ್ ಅಣ್ಣ’ ಎನ್ನುತ್ತಿದ್ದರು. ನಾನೂ ಅಣ್ಣ ಎಂದೇ ಕರೆದೆ. ಅವರು ನನ್ನನ್ನು ಮೊದಲ ದಿನದಿಂದ ಕೊನೆಯ ದಿನದವರೆಗೂ ಟೀಚ್ರಮ್ಮ ಎಂದರು.

ನಾನು ಚಾಮರಾಜನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಓಮನ ನಿಯಮ ಹೇಳಿಕೊಟ್ಟವಳು. ಅಪ್ಪ ರೇಷ್ಮೆಗೂಡಿನ ವ್ಯಾಪಾರಕ್ಕೆ ಸಂತೆಮರಹಳ್ಳಿ, ಕೊಳ್ಳೇಗಾಲ ಎಂದು ಸುತ್ತಿದ ಅಂಬಾಸಿಡರ್ ಕಾರು ಅವರು ಹೋದಮೇಲೆ ನಾಲ್ಕು ವರ್ಷ ನಮ್ಮ ಹಿತ್ತಲ ಶೆಡ್ಡಿನಲ್ಲಿ ನಿಂತಿತ್ತು. ಪಕ್ಕದಲ್ಲೇ ಮುಸುಕಿನಜೋಳದ ಮೂಟೆಗಳು. ಜೋಳ ಮುಗಿದ ಮೇಲೆ ಇಲಿಗಳು ಕಾರಿನ ವೈರಿಗೆ ಬಾಯಿ ಹಾಕಿದ್ದವು. ಬಾನೆಟ್ ಎತ್ತಿದರೆ ಒಳಗೆ ಕತ್ತರಿಸಿದ ಶಾವಿಗೆಯ ಹಾಗೆ ತುಂಡುತುಂಡು ಬಿದ್ದಿತ್ತು. ಅದೇ ಹೊತ್ತಿಗೆ ಕಾರಿನ ಆರ್‌ಸಿ ಮುಗಿಯುತ್ತ ಬಂದಿತ್ತು. ಎರಡು ತಿಂಗಳಲ್ಲಿ ಆರ್‌ಟಿಓ ಇನ್‌ಸ್ಪೆಕ್ಟರ ಮುಂದೆ ಗಾಡಿ ನಿಲ್ಲಿಸಿ, ದೀಪ, ಹಾರ್ನು, ವೈಪರು ಎಲ್ಲವೂ ನಡೆಯುತ್ತವೆಂದು ತೋರಿಸಬೇಕು. ಇಲ್ಲದಿದ್ದರೆ ಗುಜರಿ. ನಮ್ಮ ಮನೆಯವರು ಆಗಲೇ ಗುಜರಿಯವನ ಫೋನ್ ನಂಬರ್ ಬರೆದಿಟ್ಟುಕೊಂಡಿದ್ದರು. ನನಗೆ ಅಪ್ಪನ ಕಾರನ್ನು ಉಳಿಸಿಕೊಳ್ಳಬೇಕು ಅನ್ನುವುದಕ್ಕಿಂತ ಹೆಚ್ಚಾಗಿ, ಅಷ್ಟೂ ವೈರಿಂಗನ್ನು ನನ್ನ ಕೈಯಲ್ಲೇ ಮಾಡಿ ನೋಡಬೇಕೆಂಬ ಹುಚ್ಚು ಹಿಡಿಯಿತು. ಹುಚ್ಚು ಅಂದದ್ದು ಮನೆಯವರು.

ಇಲಿ ತಿಂದ ಹಳೆಯ ವೈರಿನ ಕಂತೆಯನ್ನು ಗೋಣಿಚೀಲಕ್ಕೆ ತುಂಬಿ ಒಂದು ಭಾನುವಾರ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಯಾಕೆ ಅಲ್ಲಿಗೇ ಎಂದರೆ, ಚಾಮರಾಜನಗರದಲ್ಲಿ ಕೇಳಿದ ಮೂವರೂ ‘ಬನ್ನಿ ಮೇಡಂ, ನಾವೇ ಹಾಕ್ಕೊಡ್ತೀವಿ’ ಎಂದಿದ್ದರು. ಹೇಳಿಕೊಡುತ್ತೇನೆ ಅಂದವರು ಯಾರೂ ಇರಲಿಲ್ಲ. ಚೀಲದಲ್ಲಿ ಇನ್ನೂ ಒಂದು ಇತ್ತು: ಮನೆ ಕಟ್ಟಿಸಿದಾಗ ಉಳಿದಿದ್ದ ಹೊಸ ವೈರಿನ ಸುರುಳಿ. ಒಳ್ಳೆ ಗಟ್ಟಿ ವೈರು, ಒಳಗೆ ದಪ್ಪನೆಯ ಮೂರು ತಾಮ್ರದ ಎಳೆ. ಇದನ್ನೇ ಹಾಕಿದರೆ ಆಯಿತಲ್ಲ ಎಂದು ನನ್ನ ಎಣಿಕೆ.

ಅಣ್ಣ ಆ ಸುರುಳಿಯನ್ನು ಮುಟ್ಟಿದವರೇ ನಕ್ಕರು.

“ಇದು ಗೋಡೆ ಒಳ್ಗೆ ಮಲ್ಗೋ ವೈರು ಕಣಮ್ಮ. ಗಾಡಿ ಮಲ್ಗಾದಿಲ್ಲ.”

ಅಷ್ಟಕ್ಕೇ ನಾನು ಒಪ್ಪುವವಳಲ್ಲ. ಯಾಕೆ ಎಂದು ಕೇಳಿದೆ. ಅವರು ವಿವರಿಸಲಿಲ್ಲ. ನನ್ನ ವೈರಿನ ಒಂದು ತುಂಡು, ಗಾಡಿಗೆ ಹಾಕುವ ಸಣ್ಣೆಳೆಯ ವೈರಿನ ಒಂದು ತುಂಡು ಕತ್ತರಿಸಿ ನನ್ನ ಎರಡು ಕೈಗೆ ಕೊಟ್ಟು, “ಅಂಗೂ ಇಂಗೂ ಬಗ್ಗುಸ್ತಾ ಕೂತ್ಕಳಿ, ನಾನು ಆ ಜೀಪ್ ಮುಗ್ಸಿ ಬತ್ತೀನಿ” ಎಂದು ಹೋದರು. ನಾನು ಬಗ್ಗಿಸುತ್ತ ಕೂತೆ. ಜೀಪಿನ ಕೆಲಸ ಅರ್ಧವೂ ಆಗಿರಲಿಲ್ಲ, ನನ್ನ ಗಟ್ಟಿ ವೈರಿನ ಒಳಗೆ ಪಟ್ಟೆಂದಿತು. ಸಿಪ್ಪೆ ನೆಟ್ಟಗೇ ಇತ್ತು, ಒಳಗಿನ ತಾಮ್ರ ಮುರಿದಿತ್ತು. ಇನ್ನೊಂದು ಕೈಯ ವೈರು ಹಾಗೇ ಇತ್ತು. ಕೂದಲಿನಷ್ಟು ಸಣ್ಣ ಎಳೆಗಳು ಹತ್ತಾರು ಇರುವುದರಿಂದ ಅದು ಗಾಡಿಯ ಅಲುಗಾಟಕ್ಕೆ ಬಗ್ಗುತ್ತದೆ, ಮುರಿಯುವುದಿಲ್ಲ. ಬಿಎಸ್ಸಿಯಲ್ಲಿ ಯಾರೂ ಇದನ್ನು ನನ್ನ ಕೈಗೆ ಕೊಟ್ಟಿರಲಿಲ್ಲ.

ಅವರ ಪಾಠವೆಲ್ಲ ಹೀಗೇ. ಎಷ್ಟು ದಪ್ಪದ ವೈರು ಬೇಕೆಂದು ನಾನು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಬಲ್ಬು ಇಷ್ಟು ವ್ಯಾಟು, ಬ್ಯಾಟರಿ ಹನ್ನೆರಡು ವೋಲ್ಟು, ಭಾಗಿಸಿದರೆ ಇಷ್ಟು ಆಂಪಿಯರು, ಅದಕ್ಕೆ ಸಣ್ಣ ವೈರೇ ಸಾಕು. ಅವರು ನನ್ನ ಚೀಟಿಯನ್ನು ಗೌರವದಿಂದಲೇ ನೋಡಿದರು. ಆಮೇಲೆ ಶೆಡ್ಡಿನ ನೆರಳಿನಲ್ಲಿ ಒಂದು ಹೆಡ್‌ಲೈಟ್ ಬಲ್ಬಿಗೆ ನನ್ನ ಲೆಕ್ಕದ ಸಣ್ಣ ವೈರನ್ನು ಕಾರಿನಷ್ಟುದ್ದ ಎಳೆದು ಹಚ್ಚಿದರು. ಬಲ್ಬು ಹಳದಿಯಾಗಿ ಉರಿಯಿತು. ಅದನ್ನು ಕಿತ್ತು ದಪ್ಪ ವೈರು ಕೊಟ್ಟರು. ಬೆಳ್ಳಗೆ ಕಣ್ಣು ಕುಕ್ಕಿತು.

“ಕರೆಂಟು ಅಷ್ಟು ದೂರ ನಡ್ಕೊಂಡು ಬರೋವಷ್ಟರಲ್ಲಿ ಸುಸ್ತಾಯ್ತದ. ನಿಮ್ಮ ಚೀಟೀಲಿ ದಾರಿ ಎಷ್ಟುದ್ದ ಅಂತ ಬರ್ದೇ ಇಲ್ವಲ್ಲ?”

ಬರೆದಿರಲಿಲ್ಲ. ಉದ್ದ ಹೆಚ್ಚಿದಷ್ಟೂ ರೋಧ ಹೆಚ್ಚು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಮರುದಿನ ಎಂಟು ಗಂಟೆಯ ವಿಶೇಷ ತರಗತಿಯಲ್ಲಿ ಅದನ್ನೇ ಮಾಡಿ ತೋರಿಸಿದೆ.

ಒಂದು ವಿಷಯದಲ್ಲಿ ಮಾತ್ರ ನಾವು ಜಗಳವಾಡಿದೆವು. ವೈರು ಕೊಳ್ಳಲು ಹೊರಟಾಗ ಅವರು, “ಎಲ್ಲಾ ಕಪ್ಪು ವೈರೇ ತನ್ನಿ” ಎಂದರು. ನನಗೆ ಆಶ್ಚರ್ಯ. ಮೂವತ್ತು ನಲವತ್ತು ವೈರುಗಳು ಒಂದೇ ಕಂತೆಯಲ್ಲಿ ಹೋಗುವಾಗ ಎಲ್ಲವೂ ಕಪ್ಪಾದರೆ ಗುರುತು ಹೇಗೆ?

“ಬಣ್ಣ ನೆಚ್ಕಬ್ಯಾಡಿ. ಧೂಳು, ಆಯಿಲು ಬಿದ್ದಮೇಲೆ ಎಲ್ಲಾ ಒಂದೇಯ. ನಾನು ದಾರ ಕಟ್ತೀನಿ.”

ಅದು ಅವರ ಪದ್ಧತಿ. ಅವರು ಮಾಡಿದ ಹೊಸ ವೈರಿಂಗೆಲ್ಲ ಕಪ್ಪು. ಪ್ರತಿ ವೈರಿನ ಎರಡೂ ತುದಿಗೆ ನೂಲಿನ ದಾರ ಸುತ್ತಿ ಗಂಟು ಹಾಕುತ್ತಿದ್ದರು: ಹೆಡ್‌ಲೈಟಿಗೆ ಒಂದು ಗಂಟು, ಹಾರ್ನಿಗೆ ಎರಡು, ಬ್ರೇಕ್ ದೀಪಕ್ಕೆ ಮೂರು, ಕರೆಂಟು ವಾಪಸಾಗಲೆಂದು ಗಾಡಿಯ ಕಬ್ಬಿಣದ ಮೈಗೆ ಬಿಗಿಯುವ ಅರ್ತಿಗೆ ಗಂಟಿಲ್ಲದ ಬರೀ ಸುತ್ತು. ಬೆರಳಲ್ಲಿ ಸವರಿ ಹೇಳುತ್ತಿದ್ದರು. ನನಗೆ ಅದು ಹಳೆಯ ಕಾಲದ ಹಟ ಅನಿಸಿತು. “ಜಡೆ ಹೆಣೆಯೋ ಹಾಗೆ ದಾರ ಎಲ್ಲ ಬೇಡ ಅಣ್ಣ, ನಾನು ಬಣ್ಣದ್ದೇ ತರ್ತೀನಿ” ಎಂದು ಗೇಲಿ ಮಾಡಿ ಕೆಂಪು, ಹಸಿರು, ಕಂದು, ಹಳದಿ, ನೀಲಿ ಸುರುಳಿಗಳನ್ನು ತಂದೆ. ಹಲಗೆಯ ಮೇಲೆ ಮೊಳೆ ಹೊಡೆದು, ಹಳೆಯ ಕಂತೆಯ ಅಳತೆಗೆ ನಾಲ್ಕು ಭಾನುವಾರ ಕೂತು ನಾನು ಹೊಸದನ್ನು ಕಟ್ಟಿದೆ. ಅವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಜೋಡಣೆ ಬಿಗಿಯಾಗಿದೆಯೇ ಎಂದು ಎಳೆದೆಳೆದು ನೋಡುತ್ತಿದ್ದರು. ಬಣ್ಣದ ಮಾತೇ ಎತ್ತಲಿಲ್ಲ. ಫ್ಯೂಸಿನ ವಿಷಯ ಮಾತ್ರ ಪ್ರತಿ ವಾರ ಹೇಳುತ್ತಿದ್ದರು: “ವೈರು ಸಾಯಾಕೆ ಮುಂಚೆ ಫ್ಯೂಸ್ ಸಾಯ್ಬೇಕು. ದಪ್ಪ ಫ್ಯೂಸ್ ಹಾಕ್ದೋರು ಗಾಡಿ ಸುಟ್ಕಂಡವ್ರೆ.”

ಇನ್‌ಸ್ಪೆಕ್ಷನ್ನಿಗೆ ಐದು ದಿನ ಇರುವಾಗ, ಕಂತೆಯನ್ನು ಕಾರಿಗೆ ಕೂರಿಸಲು ಅವರೇ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಂದರು. ನಾನು ಒಳಗಿನಿಂದ ವೈರು ತಳ್ಳುವುದು, ಅವರು ಬಾನೆಟ್ಟಿನ ಕಡೆಯಿಂದ ಹಿಡಿದು ಜೋಡಿಸುವುದು. “ಕೆಂಪು ಹೆಡ್‌ಲೈಟಿಗೆ, ಹಸಿರು ಅರ್ತಿಗೆ” ಎಂದು ನಾನು ಕೂಗಿ ಹೇಳುತ್ತಿದ್ದೆ. ಎಲ್ಲ ಮುಗಿದು ಸ್ವಿಚ್ ಒತ್ತಿದರೆ ಫ್ಯೂಸ್ ಹೋಯಿತು. ಇನ್ನೊಂದು ಹಾಕಿದರು, ಅದೂ ಹೋಯಿತು. ಮೂರನೆಯದೂ ಹೋದಾಗ ವೈರುಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ನೋಡತೊಡಗಿದರು. ಅಷ್ಟು ದಿನದಲ್ಲಿ ಅವರ ಕೈ ತಡವರಿಸಿದ್ದನ್ನು ನಾನು ನೋಡಿದ್ದು ಅವತ್ತೇ. ಐದು ದಿನ, ಆಮೇಲೆ ಗುಜರಿ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಬಗ್ಗಿ ನೋಡಿದೆ. ದೀಪಕ್ಕೆ ಕರೆಂಟು ಹೋಗಬೇಕಾದ ಜಾಗದಲ್ಲಿ ಹಸಿರು ವೈರು ಕೂತಿತ್ತು.

“ಅಣ್ಣ, ಇಲ್ಲಿ ಕೆಂಪು ಬರಬೇಕಿತ್ತು. ಹಸಿರು ಹಾಕಿದ್ದೀರಿ.”

“ಯಾವ್ದು?” ಎಂದರು.

ನನ್ನ ಮೇಷ್ಟ್ರ ಬುದ್ಧಿ ಅಲ್ಲಿಗೆ ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ. ಎರಡು ತುಂಡು ವೈರು ಅವರ ಮುಂದೆ ಹಿಡಿದು, “ಇದರಲ್ಲಿ ಹಸಿರು ಯಾವುದು ಹೇಳಿ” ಎಂದು ತರಗತಿಯ ಮಕ್ಕಳನ್ನು ಕೇಳಿದ ಹಾಗೆ ಕೇಳಿಬಿಟ್ಟೆ. ಅವರು ಎರಡನ್ನೂ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಮಡ್‌ಗಾರ್ಡಿನ ಮೇಲೆ ಕೈಯೂರಿ ನಿಂತರು.

“ನನ್ ಕಣ್ಗೆ ಎರ್ಡೂ ಒಂದೇಯ ಟೀಚ್ರಮ್ಮ. ಒಣ್ಗಿದ ತರಗೆಲೆ ಇದ್ದಂಗೆ ಕಾಣ್ತದ.”

ಚಿಕ್ಕ ವಯಸ್ಸಿನಲ್ಲಿ ಅವರಿಗೆ ಬಸ್ಸು ಓಡಿಸುವ ಆಸೆಯಿತ್ತಂತೆ. ಕಣ್ಣಿನ ಪರೀಕ್ಷೆಯಲ್ಲಿ ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರಂತೆ. “ಎಲ್ರಿಗೂ ಚುಕ್ಕೆ ಒಳ್ಗೆ ನಂಬರ್ ಕಾಣ್ತು, ನಂಗೆ ಬರೀ ಚುಕ್ಕೆ” ಎಂದರು. ಡ್ರೈವರ್ ಕೆಲಸ ತಪ್ಪಿತು. ಗಾಡಿಗಳ ಹತ್ತಿರವೇ ಇರಬೇಕೆಂದು ವೈರಿಂಗಿಗೆ ಬಂದರು. ಹಳೆಯ ಗಾಡಿಗಳ ಬಣ್ಣದ ವೈರನ್ನು, ಕರೆಂಟು ಬಂದರೆ ಉರಿಯುವ ಟೆಸ್ಟ್ ಲ್ಯಾಂಪ್ ಹಿಡಿದು ತುದಿಯಿಂದ ತುದಿಗೆ ಹುಡುಕುತ್ತಿದ್ದರು, ಹೊಸದಕ್ಕೆಲ್ಲ ಕಪ್ಪು ವೈರು, ದಾರದ ಗಂಟು. ಒಬ್ಬರಿಗೂ ಹೇಳಿರಲಿಲ್ಲ.

“ಹಾಗಾದ್ರೆ ಇವತ್ತೂ ಟೆಸ್ಟ್ ಲ್ಯಾಂಪ್ ಹಿಡೀಬಹುದಿತ್ತಲ್ಲ ಅಣ್ಣ?”

“ನೀವು ಪಕ್ಕದಲ್ಲೇ ನಿಂತು ಬಣ್ಣ ಬಣ್ಣ ಅಂತ ಕೂಗ್ತಿದ್ರಿ. ಲ್ಯಾಂಪ್ ಹಿಡುದ್ರೆ ಯಾಕೆ ಅಂತ ಕೇಳ್ತಿದ್ರಿ. ನೀವು ಎಲ್ಲಾದ್ಕೂ ಯಾಕೆ ಅಂತ ಕೇಳೋರು.” ಸುಟ್ಟ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡು, “ನಮ್ ಬೀದೀಲಿ ಹೇಳ್ಬುಡಬ್ಯಾಡಿ ಕಣಮ್ಮ. ವೈರಿಂಗ್ ಮಾಡೋನ್ಗೆ ಬಣ್ಣ ಕಾಣಾಕಿಲ್ಲ ಅಂದ್ರೆ ಯಾವ ಡ್ರೈವರ್ ಗಾಡಿ ಬುಡ್ತಾನೆ?” ಎಂದರು.

ಅವರ ದಾರಕ್ಕೆ ಜಡೆ ಎಂದು ನಕ್ಕಿದ್ದೆ. ಅವರು ಕಷ್ಟಪಟ್ಟು ಮಾಡಿಕೊಂಡ ದಾರಿಯನ್ನು ನಾನು ಮುಚ್ಚಿ, ಕಾಣದ ದಾರಿಯಲ್ಲಿ ನಡೆಸಿದ್ದೆ. ತಪ್ಪಾಯ್ತು ಎಂದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಒಳಗೆ ಹೋಗಿ ಹೂ ಕಟ್ಟುವ ದಾರದ ಉಂಡೆ ತಂದು ಅವರ ಮುಂದಿಟ್ಟೆ. ಅವತ್ತು ಮತ್ತು ಮಾರನೆಯ ದಿನ ಕಂತೆಯನ್ನು ಬಿಚ್ಚಿ, ಇಬ್ಬರೂ ಕೂತು ಪ್ರತಿ ವೈರಿಗೂ ಗಂಟು ಹಾಕಿ ಮತ್ತೆ ಜೋಡಿಸಿದೆವು, ಈ ಸಲ ಫ್ಯೂಸ್ ಉಳಿಯಿತು. ಯಾವ ಗಂಟು ಯಾವುದಕ್ಕೆ ಎಂದು ನನಗೆ ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿದರು. ನಾಲ್ಕು ತಪ್ಪಿದೆ. ಆ ನಾಲ್ಕನ್ನು ಮತ್ತೆ ಮತ್ತೆ ಕೇಳಿದರು, ನಗಲಿಲ್ಲ.

ಐದನೆಯ ದಿನ ಇನ್‌ಸ್ಪೆಕ್ಟರು ಬಾನೆಟ್ ಎತ್ತಿ, “ಇದೇನು ಮೇಡಂ, ದಾರ?” ಎಂದು ಕೇಳಿದರು. ಗುರುತಿಗೆ ಎಂದೆ. ದೀಪ ಹಾಕಿಸಿದರು, ಹಾರ್ನು ಹೊಡೆಸಿದರು, ವೈಪರು ಓಡಿಸಿದರು, ಸಹಿ ಹಾಕಿದರು. ನಾನು ಮೊದಲು ಫೋನ್ ಮಾಡಿದ್ದು ಗುಂಡ್ಲುಪೇಟೆಗೆ. “ಹೆಡ್‌ಲೈಟು ಬೆಳ್ಳಗೆ ಉರೀತಾ?” ಎಂದಷ್ಟೇ ಕೇಳಿದರು.

ಮೂರನೆಯ ವರ್ಷ ಅವರು ಹೋಗಿಬಿಟ್ಟರು. ಶೆಡ್ಡಿನಲ್ಲಿ ಕೆಲಸ ಮಾಡುತ್ತಿರುವಾಗಲೇ ಎದೆನೋವು ಬಂದು, ಆಸ್ಪತ್ರೆ ತಲುಪುವ ಮೊದಲೇ. ಹನ್ನೊಂದನೆಯ ದಿನ ಅದೇ ಕಾರಿನಲ್ಲಿ ಹೋದೆ. ಶಾಮಿಯಾನದ ಕೆಳಗೆ ಪಕ್ಕದ ಅಂಗಡಿಯ ಮೆಕ್ಯಾನಿಕ್ ನನ್ನ ಹತ್ತಿರ ಬಂದು, “ಮೇಡಂ, ನಿಮ್ಗೆ ಅಣ್ಣನ ಕೆಲ್ಸ ಗೊತ್ತಂತಲ್ಲ. ಅವ್ರು ಮಾಡಿದ ಲಾರಿ ಬಿಚ್ಚುದ್ರೆ ಎಲ್ಲಾ ಕಪ್ಪು, ಏನೂ ಗೊತ್ತಾಗಾಕಿಲ್ಲ” ಎಂದ. ಒಂದು ಹಾಳೆ ತರಿಸಿ ಯಾವ ಗಂಟು ಯಾವ ವೈರಿಗೆ ಎಂದು ಪೂರ್ತಿ ಬರೆದುಕೊಟ್ಟೆ. ಆತ ಓದಿಕೊಂಡು, ಇಷ್ಟೆಲ್ಲ ತಾಪತ್ರಯ ಯಾಕೆ ಪಡುತ್ತಿದ್ದರೋ ಎಂದ. ಧೂಳಿನಲ್ಲಿ ಬಣ್ಣ ಮಾಸುತ್ತದಲ್ಲ, ಅದಕ್ಕೆ ಎಂದೆ.

ಅವರ ಹೆಂಡತಿ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ನಾನು ಹೊರಟಾಗ ಕಾರಿನವರೆಗೂ ಬಂದರು.

“ನಿಮ್ಗೂ ಗೊತ್ತಿತ್ತಾ?” ಎಂದರು.

ಬಾಗಿಲು ತೆಗೆಯಹೋದವಳು ಅವರ ಕಡೆ ತಿರುಗಿದೆ.

“ಮದ್ವೆಯಾದ ವರ್ಸ ಗೌರಿ ಹಬ್ಬಕ್ಕೆ ಬೇಗೂರ್ ಅಂಗ್ಡೀಲಿ ತಾವೇ ಆರ್ಸಿ ಒಂದು ಸೀರೆ ತಂದ್ರು. ‘ನಿಂಗೆ ಕೆಂಪು ಚೆಂದ ಅಂತ ತಂದೆ’ ಅಂದ್ರು. ಬಿಚ್ಚುದ್ರೆ ಹಸ್ರು. ನಾನು, ಕೆಂಪು ಭಾಳ ಚೆನ್ನಾಗದ ಅಂದೆ. ಅಷ್ಟೇಯ. ಆಮೇಲೆ ನಾನೂ ಹೇಳ್ನಿಲ್ಲ, ಅವ್ರೂ ಹೇಳ್ನಿಲ್ಲ. ನಂಗೆ ಗೊತ್ತು ಅಂತ ಅವ್ರಿಗೆ ಗೊತ್ತಾಗ್ದಂಗೇ ನೋಡ್ಕೊಂಡೆ.”

ನನಗೆ ಅಳು ಬಂತು. ಅವರು ಅಳಲಿಲ್ಲ. ನಾನು ಒಳಗೆ ಕೂತಮೇಲೆ ಕಾರಿನ ಬಾಗಿಲು ಹಾಕಿ, ಕಿಟಕಿಯ ಮೇಲೆ ಕೈಯಿಟ್ಟರು.

“ಇನ್ ಮುಚ್ಚಿಡೋದು ಬ್ಯಾಡ. ಹೇಳಿ ಕಣವ್ವ, ಬರ್ದಾದ್ರೂ ಹೇಳಿ. ಅಂತಾ ಕಣ್ಣು ಇಟ್ಕೊಂಡು ಅಷ್ಟು ಗಾಡಿಗೆ ದೀಪ ಹಚ್ಚವ್ರೆ.”