ಸತ್ವಾದಲ್ಲಿ ಕಟ್ಟು ಹಾಕಿಸಿದ ಮುಖ

ದೆವ್ವ, ಶಕುನಗಳ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದವನು. ಈಗಲೂ ನಂಬುತ್ತೇನೆಂದು ಹೇಳಲಾರೆ. ನನ್ನ ನೆನಪಿನ ಮೇಲೂ ನನಗೆ ಪೂರ್ತಿ ಭರವಸೆಯಿಲ್ಲ. ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಲಿ.

ತೊಂಬತ್ತರ ದಶಕದ ಕೊನೆ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿದ್ದ ನಾನು ದುಬೈನ ಸರಕು ಸಾಗಣೆ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಸತ್ವಾದ ಹಳೆಯ ವಿಲ್ಲಾದಲ್ಲಿ ಇನ್ನಿಬ್ಬರೊಡನೆ ಒಂದು ಕೋಣೆ. ನನ್ನ ಓದಿನ ಹುಚ್ಚು ತಿಳಿದಿದ್ದ ಈಜಿಪ್ಟಿನ ಸಹೋದ್ಯೋಗಿಯೊಬ್ಬರು ರಜೆಯಿಂದ ಬರುವಾಗ ಒಂದು ಚಿತ್ರದ ಪ್ರತಿ ತಂದುಕೊಟ್ಟರು. ರೋಮನ್ನರ ಆಳ್ವಿಕೆಯಲ್ಲಿ, ಮಮ್ಮಿಯ ಮುಖದ ಮೇಲಿಟ್ಟು ಬಟ್ಟೆ ಸುತ್ತುತ್ತಿದ್ದ ಹಲಗೆಯ ಚಿತ್ರ ಅದು. ಶವಸಂಸ್ಕಾರ ಈಜಿಪ್ಟಿನದು, ನೆರಳು ಬೆಳಕಿನಲ್ಲಿ ಮುಖಕ್ಕೆ ಜೀವ ತರುವ ಕೈ ಗ್ರೀಕರದು, ಆ ಹೆಂಗಸಿನ ಗುಂಗುರು ಮುಡಿ, ಕಿವಿಯೋಲೆ ರೋಮಿನ ಷೋಕಿ. ಇಂಥ ಕೆಲವನ್ನು ಬದುಕಿದ್ದಾಗಲೇ ಬರೆಸಿ ಮನೆಯಲ್ಲಿ ತೂಗುಹಾಕುತ್ತಿದ್ದಿರಬೇಕು ಎಂದು ವಿದ್ವಾಂಸರ ಊಹೆ.

ಅವಳು ನನ್ನ ತಂಗಿ ಸುಮಾಳ ಹಾಗಿದ್ದಳು. ಇದು ನನಗೆ ಆಗಲೇ ಹೊಳೆದಿತ್ತೋ, ಆಮೇಲೆ ಸೇರಿಕೊಂಡಿತೋ ಗೊತ್ತಿಲ್ಲ. ಚಿತ್ರವನ್ನು ನಮ್ಮ ಬೀದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ ಇಬ್ರಾಹಿಮರ ಅಂಗಡಿಗೆ ಕೊಟ್ಟೆ.

ಅದೇ ವಾರ ಮೈಸೂರಿನಿಂದ ಫೋನ್ ಬಂತು. ಹೆರಿಗೆಯಾದ ಮೇಲೆ ಸುಮಾಳ ರಕ್ತಸ್ರಾವ ನಿಂತಿಲ್ಲ, ಪ್ರಜ್ಞೆಯಿಲ್ಲ. ನನ್ನ ಪಾಸ್‌ಪೋರ್ಟ್ ಕಂಪನಿಯ ತಿಜೋರಿಯಲ್ಲಿತ್ತು. ಬೀಗದ ಕೈ ಇಟ್ಟುಕೊಂಡಿದ್ದ ಮ್ಯಾನೇಜರು ಊರಲ್ಲಿರಲಿಲ್ಲ. ವಾರದ ರಜೆ ಕಳೆದು ಶನಿವಾರ ಬಾಗಿಲು ತೆರೆಯುವವರೆಗೆ ಮಾಡುವಂಥದ್ದು ಏನೂ ಇರಲಿಲ್ಲ. ಶುಕ್ರವಾರ ಸಂಜೆ ಕೋಣೆಯಲ್ಲಿ ಕೂರಲಾಗದೆ ಅಲೆಯುತ್ತ ಇಬ್ರಾಹಿಮರ ಅಂಗಡಿಗೆ ಬಂದೆ.

ಅವರು ಪುತ್ತೂರಿನ ಕಡೆಯವರು. ಸಾವಿಗೆ ಊರಿಗೆ ಹೋಗಲಾಗದ ನಮ್ಮವರು ಫೋಟೋ ದೊಡ್ಡದು ಮಾಡಿಸಿ ತರುತ್ತಿದ್ದರು. ಹಾಗಾಗಿ ಒಂಟಿ ಮುಖ ಕಂಡರೆ ತೀರಿಕೊಂಡವರದೇ ಎಂದು, ಕೇಳದೆಯೇ ಗಂಧದ ಚಕ್ಕೆಯ ಹಾರ ಸೇರಿಸಿ ಕೊಡುವುದು ಅವರ ರೂಢಿ. ನನ್ನದನ್ನೂ ಹಳೆಯ ಬಣ್ಣದ ಫೋಟೋ ಎಂದುಕೊಂಡಿದ್ದರು. ಕಟ್ಟಿನ ಎರಡು ಮೂಲೆಗೆ ಹಾರಕ್ಕೆಂದು ಮೊಳೆ ಹೊಡೆದಿತ್ತು, ಹಾರವಿರಲಿಲ್ಲ.

“ಹಾರ ಹಾಕಿದ್ದೆ ಸಾರ್, ತಪ್ಪು ತಿಳ್ಕೊಳ್ಬೇಡಿ,” ಎಂದರು. “ಸಂಜೆ ಅಸರ್ ನಮಾಜು ಮುಗಿಸಿ ಬಾಗಿಲು ತೆಗ್ದದ್ದು ಅಷ್ಟೆ, ಇವ್ರೇ ಬಂದ್ರು. ‘ಅದನ್ನ ತೆಗೀರಿ, ಇನ್ನೂ ಟೈಮಿದೆ’ ಅಂದ್ರು.”

ಯಾರು ಎಂದು ಕೇಳಿದೆ.

“ಎಂಥ ಮಾರಾಯ್ರೆ, ಫೋಟೋದವ್ರು. ನಿಮ್ಮದೇ ಮೈಸೂರು ಕನ್ನಡ. ಬದುಕಿದ್ದವ್ರಿಗೆ ಹಾರ ಹಾಕಿದೆನಲ್ಲ ಅಂತ ನಂಗೆ ಮುಖ ಎತ್ಲಿಕ್ಕೇ ಆಗ್ಲಿಲ್ಲ.”

ಅಲ್ಲಿಂದ ನೇರ ಫೋನ್ ಬೂತಿಗೆ ಓಡಿದೆ. ಕೊನೆಗೂ ಭಾವ ಸಿಕ್ಕರು. ರಕ್ತ ನಿಂತಿದೆ, ಸಂಜೆ ಕಣ್ಣು ಬಿಟ್ಟಳು ಎಂದರು. ಆ ಬೂತಿನಲ್ಲಿ ನಿಂತು ಅತ್ತೆ.

ಬೇರೆ ಯಾರೋ ಗಿರಾಕಿ ಇದ್ದಿರಬಹುದು. ಸುಮಾಳ ವಿಷಯ ನಾನೇ ಮೊದಲು ಬಾಯಿಬಿಟ್ಟಿದ್ದು, ಇಬ್ರಾಹಿಂ ಸಮಾಧಾನಕ್ಕೆ ಏನೋ ಹೇಳಿರಬಹುದು. ಹೀಗೆಲ್ಲ ಲೆಕ್ಕ ಹಾಕಿದರೂ ಒಳಗೊಳಗೆ ಬಂದವಳು ಸುಮಾಳೇ ಎಂದು ನಂಬಿಕೊಂಡಿದ್ದೆ. ಚಿತ್ರವನ್ನು ಮಂಚದ ಎದುರಿಗೇ ತೂಗುಹಾಕಿದ್ದೆ.

ಎರಡು ವರ್ಷದ ನಂತರ ಸುಮಾ ಮಗುವಿನೊಡನೆ ವಿಸಿಟ್ ವೀಸಾದಲ್ಲಿ ಬಂದಳು. ಏನೂ ಹೇಳದೆ ಅವಳನ್ನು ಆ ಅಂಗಡಿಗೆ ಕರೆದುಕೊಂಡು ಹೋದೆ. ಇಬ್ರಾಹಿಂ ಮಗುವಿನ ಕೆನ್ನೆ ಹಿಂಡಿ, ಅವಳನ್ನು ಬಹಳ ಹೊತ್ತು ನೋಡಿದರು.

“ಹೋಲಿಕೆ ಉಂಟು,” ಎಂದರು. “ಆದ್ರೆ ಅವತ್ತು ಬಂದದ್ದು ಇವ್ರಲ್ಲ ಸಾರ್.”

“ಯಾರಣ್ಣ ಅದು? ನಮ್ಮತ್ತಿಗೆನಾ? ನಮಗೆ ಹೇಳ್ದೇನೇ?” ಎಂದು ಸುಮಾ ನಕ್ಕಳು. ನಾನೂ ನಗಲು ನೋಡಿದೆ.

ಅವಳು ಇಂದಿಗೂ ಗಟ್ಟಿಮುಟ್ಟಾಗಿದ್ದಾಳೆ. ಅಂದು ನಿರಾಳವಾಗಬೇಕಾಗಿದ್ದವನಿಗೆ ಭಯ ಶುರುವಾದದ್ದು ಅಲ್ಲಿಂದ. ಬಂದವಳು ಸುಮಾ ಅಲ್ಲದಿದ್ದರೆ, ಇನ್ನೂ ಟೈಮಿದೆ ಎಂದದ್ದು ನಮ್ಮ ಪೈಕಿ ಯಾರ ಸಾವಿಗೆ? ಊರಿನಿಂದ ಹೊತ್ತಲ್ಲದ ಹೊತ್ತಿಗೆ ಫೋನ್ ಬಂದರೆ, ಮೊದಲು ಯಾರ ಹೆಸರು ಕೇಳಬೇಕೆಂದು ತಿಳಿಯದೆ ಸುಮ್ಮನೆ ಕಿವಿಗಿಟ್ಟುಕೊಂಡು ನಿಲ್ಲುತ್ತೇನೆ.